ಕನಸು ಕಂಡವಳು ಅಕ್ಕ, ಮಟ್ಟು ಹಾಕಿದವರು ಯಾರು?

ಸಂಪಾದಕರಿಗೆ,

ಮಾನ್ಯರೇ,

ಕಳೆದ ವಾರ ನಿಮ್ಮ ಪತ್ರಿಕೆಯ ತುಮಕೂರು ಜಿಲ್ಲಾ ಪುಟದಲ್ಲಿ ಶಾಲಾ ಮಕ್ಕಳ ವಚನ ಗಾಯನ ಸ್ಪರ್ಧೆಯ ವರದಿಯೊಂದು ಪ್ರಕಟವಾಗಿತ್ತು. ಮೊದಲ ಬಹುಮಾನ ಪಡೆದ ಬಾಲಕಿ ಅಕ್ಕಮಹಾದೇವಿಯ ‘ಅಕ್ಕ ಕೇಳವ್ವಾ, ನಾನೊಂದು ಕನಸ ಕಂಡೆ’ ಎಂಬ ವಚನವನ್ನು ಹಾಡಿದಳೆಂದು ತಿಳಿಸಿ, ಪಕ್ಕದ ಚೌಕಟ್ಟಿನಲ್ಲಿ ವಚನದ ಪೂರ್ಣ ಪಾಠವನ್ನೂ ಕೊಟ್ಟು, ‘12ನೆಯ ಶತಮಾನದ ಮೂಲ ಧಾಟಿಯಲ್ಲಿಯೇ ಹಾಡಿ ಸಭಿಕರ ಮನಗೆದ್ದಳು’ ಎಂದು ವರದಿಗಾರರು ಬರೆದಿದ್ದಾರೆ. ಆ ಸಭೆಯ ಹಿಂದಿನ ಸಾಲಿನಲ್ಲಿ ನಾನೂ ಕುಳಿತಿದ್ದೆ. ಬಾಲಕಿ ಹಾಡಿದ ಬಗೆ ನಿಜಕ್ಕೂ ಹೃದ್ಯವಾಗಿತ್ತು. ಶ್ರುತಿ ಎಲ್ಲಿಯೂ ಕದಲಲಿಲ್ಲ, ಮಾತು ಎಲ್ಲಿಯೂ ನುಂಗಿಹೋಗಲಿಲ್ಲ. ನನ್ನ ತಕರಾರು ಅವಳ ಹಾಡಿನ ಬಗ್ಗೆ ಅಲ್ಲ, ವರದಿಯ ಬಗ್ಗೆ. ಅದರಲ್ಲಿ ಒಂದು ಸಣ್ಣ ತಪ್ಪೂ ಒಂದು ದೊಡ್ಡ ತಪ್ಪೂ ಸೇರಿಕೊಂಡಿವೆ.

ಸಣ್ಣದನ್ನು ಮೊದಲು ಹೇಳಿ ಮುಗಿಸುತ್ತೇನೆ. ಚೌಕಟ್ಟಿನ ಪಾಠದಲ್ಲಿ ‘ಸುಲಿಪಲ್ಲ ಗೊರವನು’ ಎಂದಿರಬೇಕಾದುದು ‘ಸುಲಿಪಲ್ಲ ಗೌರವನು’ ಎಂದು ಅಚ್ಚಾಗಿದೆ. ಹೀಗಾಗಿ ಗೌರವವೇ ಜೋಳಿಗೆ ಹಿಡಿದು ಭಿಕ್ಷೆಗೆ ಬಂದಂತಾಗಿದೆ. ಗೊರವ ಎಂಬ ಪದ ಅಕ್ಷರ ಜೋಡಿಸುವವರಿಗೆ ಅಪರಿಚಿತವಾಗಿದ್ದರೆ ಆಶ್ಚರ್ಯವಿಲ್ಲ. ಆದರೆ ಗೊರವಯ್ಯ ನಮ್ಮ ಸೀಮೆಯವರಿಗೆ ಅಪರಿಚಿತನಲ್ಲ. ಕರಡಿ ಕೂದಲಿನ ಟೋಪಿ, ಕರಿಯ ಕಂಬಳಿ, ಕೈಯಲ್ಲಿ ಡಮರು, ಹಣೆಯ ತುಂಬ ಭಂಡಾರ, ಹೀಗೆ ಮೈಲಾರಲಿಂಗನ ಹೆಸರು ಹೇಳುತ್ತ ಬಾಗಿಲಿಗೆ ಬರುವ ಗೊರವಯ್ಯನಿಗೆ ಮೊರದಲ್ಲಿ ರಾಗಿ ಹಾಕಿದ ನೆನಪು ನನ್ನ ವಯಸ್ಸಿನ ಹಳ್ಳಿಗರೆಲ್ಲರಿಗೂ ಇದೆ. ಅಕ್ಕನ ಕನಸಿನಲ್ಲಿ ಬರುವವನು ಅಂಥ ಒಬ್ಬ ಶೈವ ಭಿಕ್ಷುಕ. ಚಿಕ್ಕ ಚಿಕ್ಕ ಜಡೆಗಳವನು, ಸುಲಿದಿಟ್ಟಂಥ ಬಿಳಿಯ ಹಲ್ಲುಗಳವನು. ಈ ಒಂದು ಪದ ತಪ್ಪಿದರೆ ಇಡೀ ವಚನದಿಂದ ದೇವರೇ ಜಾರಿಹೋಗುತ್ತಾನೆ.

ಇನ್ನು ದೊಡ್ಡ ತಪ್ಪು. ‘12ನೆಯ ಶತಮಾನದ ಮೂಲ ಧಾಟಿ’ ಎಂಬುದು ಈ ವಚನಕ್ಕೆ ನಮ್ಮ ಕೈಗೆ ಬಂದೇ ಇಲ್ಲ. ವಚನವೆಂದರೆ ಮಾತು. ‘ತಾಳಮಾನ ಸರಿಸವನರಿಯೆ, ಓಜೆ ಬಜಾವಣೆಯ ಲೆಕ್ಕವನರಿಯೆ’ ಎಂದು ಹೇಳಿಕೊಂಡ ಬಸವಣ್ಣನವರು ಅದೇ ವಚನದ ಕೊನೆಯಲ್ಲಿ ‘ಆನು ಒಲಿದಂತೆ ಹಾಡುವೆ’ ಎನ್ನುತ್ತಾರೆ. ಅಂದರೆ ಶರಣರು ಹಾಡುತ್ತಿರಲಿಲ್ಲವೆಂದಲ್ಲ. ‘ಎನ್ನ ಕಾಯವ ದಂಡಿಗೆಯ ಮಾಡಯ್ಯಾ’ ಎಂದು ತನ್ನ ಮೈಯನ್ನೇ ವೀಣೆಯಾಗಿಸಿ ‘ಬತ್ತೀಸ ರಾಗವ ಹಾಡಯ್ಯಾ’ ಎಂದು ಬೇಡಿದವರು ಸಂಗೀತ ಅರಿಯದವರಾಗಿರಲಾರರು. ಆದರೆ ಹೇಗೆ ಹಾಡಿದರೆಂಬುದು ಅವರ ಗಂಟಲಿನೊಂದಿಗೇ ಹೋಯಿತು. ರಾಗದ ಹೆಸರು ಹೊತ್ತು ಬಂದಿರುವುದು ಪಲ್ಲವಿ, ಚರಣಗಳುಳ್ಳ ಸ್ವರವಚನಗಳು ಮಾತ್ರ. ಅವು ಬೇರೆಯ ಜಾತಿ. ಅಕ್ಕನ ಹೆಸರಿನಲ್ಲಿಯೂ ಸ್ವರವಚನಗಳಿವೆ, ಆದರೆ ‘ಅಕ್ಕ ಕೇಳವ್ವಾ’ ಅವುಗಳಲ್ಲೊಂದಲ್ಲ. ಅದು ಗದ್ಯದಲ್ಲಿ ನಡೆಯುವ ವಚನ.

ನಡುವಿನ ಶತಮಾನಗಳಲ್ಲಿ ವಚನಗಳನ್ನು ಕಾಪಾಡಿದವರು ಓಲೆಗರಿಯಲ್ಲಿ ಕಬ್ಬಿಣದ ಕಂಟದಿಂದ ಕೊರೆದು ಬರೆದವರು. ಅವರಲ್ಲಿ ನಮ್ಮ ಜಿಲ್ಲೆಯವರ ಪಾಲು ದೊಡ್ಡದು. ಎಡೆಯೂರಿನ ತೋಂಟದ ಸಿದ್ಧಲಿಂಗರ ಪರಂಪರೆಯಲ್ಲಿ ಬಂದ ಗೂಳೂರು ಸಿದ್ಧವೀರಣ್ಣೊಡೆಯರು ಶರಣರ ವಚನಗಳನ್ನು ಸಂವಾದದ ರೂಪದಲ್ಲಿ ಸಂಕಲಿಸಿದ ‘ಶೂನ್ಯಸಂಪಾದನೆ’ಯನ್ನು ಓದದೆ ಅಕ್ಕನ ಬಗ್ಗೆ ಮಾತಾಡಲಾಗದು. ಓಲೆಗರಿಗಳನ್ನು ಮನೆಮನೆಯಿಂದ ಹುಡುಕಿ ತೆಗೆದು 1923ರಲ್ಲಿ ‘ವಚನಶಾಸ್ತ್ರಸಾರ’ವನ್ನು ಅಚ್ಚು ಹಾಕಿಸಿದವರು ವಿಜಯಪುರದ ಫ.ಗು. ಹಳಕಟ್ಟಿಯವರು. ಇವರೆಲ್ಲ ನಮಗೆ ಉಳಿಸಿಕೊಟ್ಟದ್ದು ಮಾತನ್ನು. ಆ ಮಾತು ಮತ್ತೆ ಹಾಡಾಗಲು 20ನೆಯ ಶತಮಾನದ ಗವಾಯಿಗಳು ಬರಬೇಕಾಯಿತು. ಗದುಗಿನ ಪಂಚಾಕ್ಷರಿ ಗವಾಯಿಗಳು, ಅವರ ಶಿಷ್ಯ ಬಸವರಾಜ ರಾಜಗುರು, ಸಿದ್ಧರಾಮ ಜಂಬಲದಿನ್ನಿ, ಧಾರವಾಡದ ಮಲ್ಲಿಕಾರ್ಜುನ ಮನ್ಸೂರ ಮೊದಲಾದವರು ಹಿಂದೂಸ್ತಾನಿ ಕಛೇರಿಯ ವೇದಿಕೆಗೆ ವಚನವನ್ನು ತಂದರು.

ಆ ದಿನ ಬಾಲಕಿ ಹಾಡಿದ್ದು ಇವರಲ್ಲಿ ಮನ್ಸೂರರು ಭೈರವಿಯಲ್ಲಿ ಕೂಡಿಸಿ ಹಾಡಿದ ರೂಪವನ್ನು. ಅದನ್ನು ಕೇಳಿ ಬೆಳೆದವರಿಗೆ ಮೊದಲ ‘ಅಕ್ಕಾ’ ಎಂಬ ಕರೆಯಲ್ಲಿಯೇ ಗುರುತು ಸಿಗುತ್ತದೆ. ಮನ್ಸೂರರ ಹೆಸರು ನಿಮ್ಮ ವರದಿಯಲ್ಲಿ ಎಲ್ಲಿಯೂ ಇಲ್ಲ. ಸ್ಪರ್ಧೆಯ ಆಹ್ವಾನ ಪತ್ರಿಕೆಯಲ್ಲಿ ಇರಲಿಲ್ಲ, ನಿರೂಪಕರ ಬಾಯಲ್ಲಿ ಬರಲಿಲ್ಲ, ಬಾಲಕಿಗೆ ಕೊಟ್ಟ ಪ್ರಶಸ್ತಿ ಪತ್ರದಲ್ಲಿಯೂ ಇಲ್ಲ. ನಾನು ವಿಚಾರಿಸಿದಾಗ ಆಯೋಜಕರೊಬ್ಬರು ನಗುತ್ತ ಹೇಳಿದ್ದು ಇದು: “ಕರಡಿನಲ್ಲಿ ‘ಮಲ್ಲಿಕಾರ್ಜುನ’ ಎಂದು ಬರೆದಿತ್ತು ಸಾರ್, ಅಂಕಿತನಾಮ ಎರಡು ಸಲ ಬಂದಿದೆ ಅಂದುಕೊಂಡು ಒಂದನ್ನು ಹೊಡೆದುಹಾಕಿದೆವು.” ಚೆನ್ನಮಲ್ಲಿಕಾರ್ಜುನನನ್ನು ಅಕ್ಕ ಹಾಡಿದಳು, ಅವಳನ್ನು ಮಲ್ಲಿಕಾರ್ಜುನ ಹಾಡಿದರು; ಹೆಸರು ಒಂದೇ ಆದದ್ದು ಅವರ ತಪ್ಪಲ್ಲವಷ್ಟೆ.

ಈ ಮಲ್ಲಿಕಾರ್ಜುನರು ಯಾರೆಂದು ಇಂದಿನ ಮಕ್ಕಳಿಗೆ ನಾಲ್ಕು ಮಾತು ಹೇಳಬೇಕಾಗಿದೆ. 1910ರ ಡಿಸೆಂಬರ್ 31ರಂದು ಧಾರವಾಡದ ಬಳಿಯ ಮನ್ಸೂರ ಎಂಬ ಹಳ್ಳಿಯ ಒಕ್ಕಲು ಮನೆತನದಲ್ಲಿ ಹುಟ್ಟಿದ ಅವರು ಮೊದಲು ಮುಖಕ್ಕೆ ಬಣ್ಣ ಹಚ್ಚಿದ್ದು ನಾಟಕ ಕಂಪನಿಯಲ್ಲಿ, ಬಾಲನಟನಾಗಿ. ಅಲ್ಲಿ ಅಪ್ಪಯ್ಯಸ್ವಾಮಿಗಳಿಂದ ಕರ್ನಾಟಕ ಸಂಗೀತದ ಪಾಠವಾಯಿತು. ಆಮೇಲೆ ಮಿರಜದ ನೀಲಕಂಠಬುವಾ ಅವರಿಂದ ಗ್ವಾಲಿಯರ್ ಘರಾಣೆಯ, ಅಂದರೆ ಅಲ್ಲಿನ ಗುರುಪರಂಪರೆಯ ಶೈಲಿಯ ಗಾಯನ. ಅನಂತರ ಮುಂಬಯಿಯಲ್ಲಿ ಅಲ್ಲಾದಿಯಾ ಖಾನರ ಮಗ ಮಂಜಿ ಖಾನರ ಶಿಷ್ಯತ್ವ. 1937ರಲ್ಲಿ ಮಂಜಿ ಖಾನರು ತೀರಿಕೊಂಡ ಮೇಲೆ ಅವರ ತಮ್ಮ ಭುರ್ಜಿ ಖಾನರಿಂದ ಕಲಿಕೆ ಮುಂದುವರಿಯಿತು. ಬೇರೆಯವರು ಮುಟ್ಟಲು ಅಂಜುವ ಅಪರೂಪದ ರಾಗಗಳನ್ನು ನೀರು ಕುಡಿದಷ್ಟು ಸಲೀಸಾಗಿ ಹಾಡುವ ಜೈಪುರ ಘರಾಣೆಯ ದೊಡ್ಡ ಗವಾಯಿ ಎಂದು ದೇಶವೆಲ್ಲ ಅವರನ್ನು ಬಲ್ಲದು. 1970ರಲ್ಲಿ ಪದ್ಮಶ್ರೀ, 1976ರಲ್ಲಿ ಪದ್ಮಭೂಷಣ, 1992ರಲ್ಲಿ ಪದ್ಮವಿಭೂಷಣ. ಆ ವರ್ಷವೇ ಸೆಪ್ಟೆಂಬರ್ 12ರಂದು ಅವರು ನಿಧನರಾದರು. ಧಾರವಾಡದ ಮುರುಘಾಮಠದ ಮೃತ್ಯುಂಜಯ ಸ್ವಾಮಿಗಳ ಭಕ್ತರಾಗಿದ್ದ ಅವರು ತಮ್ಮ ಮನೆಗೂ ‘ಮೃತ್ಯುಂಜಯ’ ಎಂದೇ ಹೆಸರಿಟ್ಟಿದ್ದರು. ವಚನಗಳು ಅವರಿಗೆ ಕಛೇರಿಯ ಕೊನೆಯಲ್ಲಿ ಹಾಡಿ ಮುಗಿಸುವ ಒಂದು ಚೀಜು ಮಾತ್ರ ಆಗಿರಲಿಲ್ಲವೆಂಬುದಕ್ಕೆ ಈ ಹಿನ್ನೆಲೆಯೇ ಸಾಕು.

ನಾನು ಈ ಹಾಡನ್ನು ಮೊದಲು ಕೇಳಿದ್ದು ರೇಡಿಯೋದಲ್ಲಿ. 1950ರ ಜನವರಿಯಲ್ಲಿ ಆರಂಭವಾದ ಧಾರವಾಡ ಆಕಾಶವಾಣಿಯನ್ನು ನಮ್ಮ ಹಳ್ಳಿಯಲ್ಲಿ ರಾತ್ರಿ ಹೊತ್ತು, ಗಾಳಿ ಅನುಕೂಲವಾಗಿದ್ದರೆ, ಗೊರಗೊರ ಸದ್ದಿನ ನಡುವೆ ಹಿಡಿಯಬಹುದಾಗಿತ್ತು. ಅಡಕೆ ಬೇಯಿಸುವ ಒಲೆಯ ಮುಂದೆ ನಿದ್ದೆಗೆಟ್ಟು ಕುಳಿತಿದ್ದ ಅಪ್ಪ, ತೆಳ್ಳನೆಯ ಆದರೆ ಎಲ್ಲಿಯೂ ಬಾಗದ ಆ ದನಿ ಕೇಳಿ, ಹಂಡೆಯಲ್ಲಿ ಆಡಿಸುತ್ತಿದ್ದ ಜಾಲರಿಯನ್ನು ಹಾಗೆಯೇ ಹಿಡಿದು ನಿಂತುಬಿಟ್ಟಿದ್ದರು. ‘ಅಕ್ಕಿ ಅಡಕೆ ಓಲೆ ತೆಂಗಿನಕಾಯ ಕಂಡೆ’ ಎಂಬ ಸಾಲು ಬಂದಾಗ ಅವರು ‘ಇದೇನು, ನಮ್ಮ ಮನೆಯ ವೀಳ್ಯಶಾಸ್ತ್ರದ ತಟ್ಟೆಯನ್ನೇ ಹಾಡ್ತಾ ಇದಾರಲ್ಲ’ ಎಂದರು. ತಿಪಟೂರಿನ ಕೊಬ್ಬರಿ, ಗುಬ್ಬಿ ಸೀಮೆಯ ಅಡಕೆಗಳ ನಡುವೆ ಬೆಳೆದವರಿಗೆ ಈ ಸಾಲನ್ನು ಯಾರೂ ಅರ್ಥ ಹೇಳಿ ತಿಳಿಸಬೇಕಾಗಿಲ್ಲ. ಅದು ಮದುವೆಯ ಕನಸು. ಓಲೆ ಎಂದರೆ ಕಿವಿಯೋಲೆ, ಮುತ್ತೈದೆತನದ ಗುರುತು.

ಆ ಹಾಡನ್ನು ಕಲಿತದ್ದು ಮಾತ್ರ ತಡವಾಗಿ, ನಾನು ಅಧ್ಯಾಪಕನಾಗಿ ಸೇರಿದ ಊರಿನ ಹಾರ್ಮೋನಿಯಂ ಮೇಷ್ಟ್ರ ಹತ್ತಿರ. ಅವರು ನಾಟಕ ಕಂಪನಿಯೊಂದರಲ್ಲಿ ವರ್ಷಗಟ್ಟಲೆ ಲೆಗ್ ಹಾರ್ಮೋನಿಯಂ ತುಳಿದು ಊರಿಗೆ ಮರಳಿದ್ದವರು. ಅವರ ಬಳಿ ರಟ್ಟು ಕಿತ್ತುಹೋದ ಒಂದು ನೋಟ್ ಪುಸ್ತಕವಿತ್ತು. ಪ್ರತಿ ಪದದ ತಲೆಯ ಮೇಲೆ ಕೆಂಪು ಶಾಯಿಯಲ್ಲಿ ‘ಮಟ್ಟು’ (ಅಂದರೆ ಹಾಡುವ ಧಾಟಿ) ಎಂದು ಬರೆದು, ಮುಂದೆ ಆ ಮಟ್ಟು ಹಾಕಿದವರ ಹೆಸರನ್ನೂ ಅದನ್ನು ತಾವು ಯಾವ ಊರಿನ ಕ್ಯಾಂಪಿನಲ್ಲಿ ಕಲಿತೆವೆಂಬುದನ್ನೂ ಅವರು ಗುರುತು ಹಾಕಿಕೊಂಡಿದ್ದರು. ನಾನು ಶಾಲೆಯ ವಾರ್ಷಿಕೋತ್ಸವದ ಕಾರ್ಯಕ್ರಮ ಪಟ್ಟಿ ಬರೆದುಕೊಂಡು ಹೋದಾಗ ಅದರ ಮೇಲೆ ಕಣ್ಣಾಡಿಸಿ, ‘ಏನಪ್ಪಾ, ಮಾತು ಬರೆದೋರ ಹೆಸರು ಇದೆ, ಹಾಡೋ ಹುಡುಗೀರ ಹೆಸರು ಇದೆ, ಶಾಮಿಯಾನದೋನ ಹೆಸರೂ ಇದೆ. ಮಟ್ಟು ಹಾಕಿದೋರು ಏನು ಪಾಪ ಮಾಡಿದ್ರು?’ ಎಂದು ಕೇಳಿದ್ದರು. ಇಂದು ‘ರಾಗ ಸಂಯೋಜನೆ’ ಎಂಬ ದೊಡ್ಡ ಮಾತು ಬಂದಿದೆ. ಕೆಲಸ ಅದೇ, ಮರೆವೂ ಅದೇ.

ವಚನಕ್ಕೆ ಮಟ್ಟು ಹಾಕುವುದು ಕೀರ್ತನೆಗೆ ಹಾಕಿದಷ್ಟು ಸುಲಭವಲ್ಲವೆಂಬುದನ್ನು ಇಲ್ಲಿ ಹೇಳಲೇಬೇಕು. ದಾಸರ ಪದಕ್ಕೆ ಪಲ್ಲವಿ ಇದೆ, ಚರಣಗಳಿವೆ, ಪ್ರಾಸ ಇದೆ. ರಾಗ ಬದಲಾದರೂ ಪದದ ಕಟ್ಟು ಹಾಡುವವನ ಕೈ ಹಿಡಿದು ನಡೆಸುತ್ತದೆ. ಈ ವಚನದಲ್ಲಿ ಅಂಥ ಆಸರೆ ಇಲ್ಲ. ಮೊದಲ ಸಾಲು ಗಿಡ್ಡ. ‘ಚಿಕ್ಕ ಚಿಕ್ಕ ಜಡೆಗಳ ಸುಲಿಪಲ್ಲ ಗೊರವನು ಭಿಕ್ಷಕ್ಕೆ ಮನೆಗೆ ಬಂದುದ ಕಂಡೆನವ್ವಾ’ ಎಂಬುದು ಅದರ ಎರಡರಷ್ಟು ಉದ್ದ. ಅದರ ಮುಂದಿನದು ಮತ್ತೊಂದು ಅಳತೆ. ತಬಲದ ಆವರ್ತ, ಅಂದರೆ ತಾಳದ ಸುತ್ತು, ಮಾತ್ರ ಯಾರಿಗೂ ಕಾಯುವುದಿಲ್ಲ. ಎಲ್ಲಿ ಮುರಿಯಬೇಕು, ಎಲ್ಲಿ ಹಿಗ್ಗಿಸಬೇಕು, ಯಾವ ಮಾತನ್ನು ಪಲ್ಲವಿಯ ಹಾಗೆ ಮತ್ತೆ ಮತ್ತೆ ಮರಳಿ ತರಬೇಕು ಎಂಬುದನ್ನೆಲ್ಲ ಮಟ್ಟು ಹಾಕುವವನೇ ತೀರ್ಮಾನಿಸಬೇಕು. ನಮ್ಮ ಶಾಲೆಯ ಮಕ್ಕಳು ತಮಗೆ ತೋಚಿದ ಧಾಟಿಯಲ್ಲಿ ಹಾಡಲು ಹೋಗಿ ‘ಅಕ್ಕಿ ಅಡಕೆ’ ಎಂದು ಉಸಿರೆಳೆದುಕೊಂಡು ‘ಓಲೆತೆಂಗಿನಕಾಯ’ ಎಂದು ಒಂದೇ ಪದದಂತೆ ಕೂಡಿಸಿಬಿಡುತ್ತಿದ್ದರು. ಓಲೆತೆಂಗಿನಕಾಯಿ ಎಂಬ ಕಾಯಿ ನಮ್ಮ ತೋಟಗಳಲ್ಲಿ ಬಿಡುವುದಿಲ್ಲ. ಉಸಿರು ಎಲ್ಲಿ ತೆಗೆಯಬೇಕೆಂದು ಗೊತ್ತಿದ್ದವನೇ ವಚನಕ್ಕೆ ಮೊದಲ ವ್ಯಾಖ್ಯಾನಕಾರ.

ಅಕ್ಕನ ವಚನಗಳಲ್ಲಿ ದೇವರನ್ನು ಹುಡುಕುವ ವಚನಗಳು ಬೇಕಾದಷ್ಟಿವೆ. ‘ಚಿಲಿಮಿಲಿ ಎಂದೋದುವ ಗಿಳಿಗಳಿರಾ, ನೀವು ಕಾಣಿರೆ, ನೀವು ಕಾಣಿರೆ’ ಎಂದು ಗಿಳಿ, ಕೋಗಿಲೆ, ತುಂಬಿ, ಹಂಸೆ, ನವಿಲುಗಳನ್ನೆಲ್ಲ ಕೇಳುತ್ತ ಅಲೆಯುವ ವಚನವನ್ನು ಮಕ್ಕಳೂ ಬಲ್ಲರು. ಅಲ್ಲಿ ಬರೀ ಪ್ರಶ್ನೆ. ‘ಅಕ್ಕ ಕೇಳವ್ವಾ’ದಲ್ಲಿ ಪ್ರಶ್ನೆಯೇ ಇಲ್ಲ, ಕಂಡದ್ದನ್ನು ಮನೆಯ ಹಿರಿಯಳೊಬ್ಬಳಿಗೆ ವರದಿ ಒಪ್ಪಿಸುವ ರೀತಿ ಇದೆ. (ನಾವೆಲ್ಲ ಅಕ್ಕ ಎಂದು ಕರೆಯುವವಳು ಇಲ್ಲಿ ಇನ್ನೊಬ್ಬಳನ್ನು ಅಕ್ಕ ಎಂದು ಕರೆಯುತ್ತಾಳೆ ಎಂಬುದು ನನಗೆ ಯಾವಾಗಲೂ ಹಿತವಾಗಿ ಕೇಳಿಸುತ್ತದೆ.) ಕನಸ ಕಂಡೆ, ತೆಂಗಿನಕಾಯ ಕಂಡೆ, ಬಂದುದ ಕಂಡೆನವ್ವಾ ಎಂದು ಮೂರು ಸಲ ‘ಕಂಡೆ’ ಎಂದು ವಾಕ್ಯ ಮುಗಿಯುತ್ತದೆ. ಬಾಗಿಲಿಗೆ ಬಂದ ಭಿಕ್ಷುಕ ನಿಲ್ಲುವುದಿಲ್ಲ. ಮಿಕ್ಕುಮೀರಿ ಹೋಗುವ ಅವನ ಬೆನ್ನಟ್ಟಿ ಹೋಗಿ ಇವಳು ಕೈಹಿಡಿಯುತ್ತಾಳೆ. ಕೈಹಿಡಿಯುವುದೆಂದರೆ ಮದುವೆ ಎಂಬುದು ಅಕ್ಕಿ ಅಡಕೆಗಳ ಸಾಲಿನಿಂದಲೇ ಸೂಚಿತವಾಗಿದೆ. ನಾಲ್ಕನೆಯ ಸಲ ಮಾತ್ರ ‘ಕಂಡೆ’ ಎಂದು ಮುಗಿಯದೆ ‘ಚೆನ್ನಮಲ್ಲಿಕಾರ್ಜುನನ ಕಂಡು ಕಣ್ತೆರೆದೆನು’ ಎಂದು ಮುಂದಕ್ಕೆ ಹೊರಳುತ್ತದೆ. ಕಣ್ತೆರೆದಾಗ ಕನಸು ಮುಗಿಯಿತೋ, ಅಥವಾ ಅಲ್ಲಿಯವರೆಗಿನ ಎಚ್ಚರವೇ ನಿದ್ದೆಯಾಗಿತ್ತೋ ಎಂಬುದನ್ನು ಅಕ್ಕ ಹೇಳುವುದಿಲ್ಲ. ಪಾಠ ಮಾಡುವಾಗ ನಾನು ಎರಡನ್ನೂ ಹೇಳಿ, ಬೋರ್ಡಿನ ಮೇಲೆ ಬರೆದು, ಗಂಟೆ ಹೊಡೆಯುವವರೆಗೆ ತೂಗಿ ನೋಡುತ್ತಿದ್ದೆ. ಭೈರವಿಯಲ್ಲಿ ಅದನ್ನು ಕೇಳಿದ ಮೇಲೆ ಆ ತೂಗಾಟ ಅನಗತ್ಯವೆನ್ನಿಸಿತು. ಬೆಳಗಿನ ರಾಗವೆಂದು ಹೆಸರಾದ ಭೈರವಿಯನ್ನು ಹಿಂದೂಸ್ತಾನಿ ಗವಾಯಿಗಳು ಯಾವ ಹೊತ್ತಿನ ಕಛೇರಿಯಾದರೂ ಕೊನೆಗೆ ಹಾಡುವ ರೂಢಿಯಿದೆ. ಏಳುವ ಹೊತ್ತಿನ ರಾಗವೂ ಅದೇ, ಮುಗಿಸುವ ರಾಗವೂ ಅದೇ. ಕನಸು ಮುಗಿಯುವ, ಎಚ್ಚರ ಮೊದಲಾಗುವ ಒಂದೇ ಕ್ಷಣವನ್ನು ಹೇಳುವ ವಚನಕ್ಕೆ ಈ ರಾಗ ಒದಗಿಬಂದದ್ದು ಕಾಕತಾಳೀಯವೆಂದು ನಾನು ನಂಬುವುದಿಲ್ಲ.

ರಾಗದ ವಿಷಯಕ್ಕೆ ಬಂದಿರುವುದರಿಂದ ಇನ್ನೊಂದು ಗೊಂದಲವನ್ನೂ ಬಗೆಹರಿಸಬೇಕಾಗಿದೆ. ಸ್ಪರ್ಧೆಯ ತೀರ್ಪುಗಾರರಲ್ಲೊಬ್ಬರು, ಕರ್ನಾಟಕ ಸಂಗೀತದಲ್ಲಿ ಪಳಗಿದವರು, ಬಾಲಕಿ ಭೈರವಿ ಎಂದು ಹೇಳಿ ಬೇರೆ ರಾಗ ಹಾಡಿದಳೆಂದು ಅಂಕ ಕಳೆಯಲು ಹೊರಟಿದ್ದರು. ನಮ್ಮ ಕಡೆಯ ಸಂಗೀತ ವಿದ್ಯಾರ್ಥಿಗಳು ‘ವಿರಿಬೋಣಿ’ ವರ್ಣದಿಂದ ಬಲ್ಲ ಭೈರವಿ 20ನೆಯ ಮೇಳವಾದ (ಮೂಲ ರಾಗವಾದ) ನಠಭೈರವಿಯ ಜನ್ಯ, ಅಂದರೆ ಅದರಿಂದ ಹುಟ್ಟಿದ ರಾಗ. ಅದರ ರಿಷಭ ಚತುಶ್ರುತಿ (ಏರಿದ ಬಗೆಯದು), ಧೈವತ ಎರಡು ಬಗೆ. ಹಿಂದೂಸ್ತಾನಿ ಭೈರವಿಯಲ್ಲಿ ರಿಷಭ, ಗಾಂಧಾರ, ಧೈವತ, ನಿಷಾದ ನಾಲ್ಕೂ ಕೋಮಲ, ಅಂದರೆ ಇಳಿಸಿದ ಸ್ವರಗಳು. ನಮ್ಮ ಲೆಕ್ಕದಲ್ಲಿ ಅದರ ಸ್ವರಗಳು ತೋಡಿಯವು, ಚಲನೆ ಸಿಂಧುಭೈರವಿಗೆ ಹತ್ತಿರ. ಹೆಸರು ಒಂದೇ, ರಾಗ ಬೇರೆ. ಮಟ್ಟು ಯಾರದೆಂದು ಆಹ್ವಾನ ಪತ್ರಿಕೆಯಲ್ಲಿ ಒಂದು ಸಾಲು ಇದ್ದಿದ್ದರೆ ಆ ತೀರ್ಪುಗಾರರಿಗೆ ಯಾವ ಭೈರವಿ ಎಂಬುದು ಕೇಳುವ ಮೊದಲೇ ತಿಳಿಯುತ್ತಿತ್ತು. ಪಕ್ಕದಲ್ಲಿ ಕುಳಿತಿದ್ದ ಮತ್ತೊಬ್ಬ ವಿದುಷಿ ಕಿವಿಯಲ್ಲಿ ಹೇಳಿದ್ದರಿಂದ ಬಾಲಕಿಗೆ ಅನ್ಯಾಯವಾಗಲಿಲ್ಲ.

ಇದನ್ನು ಹೇಳಿಕೊಂಡಾಗ ಗೆಳೆಯರೊಬ್ಬರು, ವಚನ ಎಲ್ಲರ ಸೊತ್ತು, ಶರಣರೇ ತಮ್ಮ ಹೆಸರು ಹಾಕಿಕೊಳ್ಳದೆ ದೇವರ ಅಂಕಿತ ಹಾಕಿದರು, ಹಾಗಿರುವಾಗ ಮಟ್ಟಿನವರ ಹೆಸರಿಗೆ ಇಷ್ಟು ಹಟವೇಕೆ ಎಂದರು. ಮಾತೇನೋ ಚೆಂದ. ಆದರೆ ಅಂಕಿತದಿಂದಲೇ ನಾವು ಯಾವ ವಚನ ಯಾರದೆಂದು ಗುರುತಿಸುತ್ತೇವೆ. ಚೆನ್ನಮಲ್ಲಿಕಾರ್ಜುನ ಎಂದರೆ ಅಕ್ಕ, ಕೂಡಲಸಂಗಮದೇವ ಎಂದರೆ ಬಸವಣ್ಣ. ಮಟ್ಟಿಗೆ ಅಂಕಿತ ಹಾಕುವ ಜಾಗವಿಲ್ಲ. ಅದನ್ನು ಹಾಡುವವರೋ ಅಚ್ಚು ಹಾಕುವವರೋ ಹೇಳದಿದ್ದರೆ ಮುಂದಿನ ತಲೆಮಾರಿಗೆ ತಿಳಿಯುವ ಬೇರೆ ದಾರಿಯೇ ಇಲ್ಲ. ಕಾನೂನೂ ಇದನ್ನೇ ಹೇಳುತ್ತದೆ. 1957ರ ಕೃತಿಸ್ವಾಮ್ಯ ಕಾಯಿದೆ ಸಂಗೀತ ಕೃತಿಯನ್ನು ಸಾಹಿತ್ಯದಿಂದ ಬೇರೆಯಾಗಿಯೇ ಎಣಿಸುತ್ತದೆ; 1994ರ ತಿದ್ದುಪಡಿಯ ನಂತರ ಸ್ವರಲಿಪಿಯಲ್ಲಿ ಬರೆದಿಡದೆ ಬಾಯಲ್ಲಿ ಕಟ್ಟಿದ ಸಂಗೀತದ ಕರ್ತೃವೂ ಕರ್ತೃವೇ. ಅಕ್ಕನ ಮಾತಿಗೆ ಯಾರ ಅನುಮತಿಯೂ ಬೇಕಿಲ್ಲ, ಆದರೆ 1992ರಲ್ಲಿ ತೀರಿಕೊಂಡವರ ಸಂಗೀತ ಕೃತಿಗೆ 60 ವರ್ಷದ ಲೆಕ್ಕದಲ್ಲಿ 2052ರ ಕೊನೆಯವರೆಗೆ ರಕ್ಷಣೆ ಇರುತ್ತದೆ. ಶಾಲಾ ಮಕ್ಕಳ ಸ್ಪರ್ಧೆಯ ಮೇಲೆ ಯಾರೂ ದಾವೆ ಹೂಡುವುದಿಲ್ಲ, ಹೂಡಲೂಬಾರದು. ಹೆಸರು ಹೇಳುವುದಕ್ಕೆ ಕಾಸು ಖರ್ಚಿಲ್ಲ ಎಂಬುದಷ್ಟೇ ನನ್ನ ವಾದ.

ಆದ್ದರಿಂದ ತಿದ್ದುಪಡಿಯೊಂದನ್ನು ಪ್ರಕಟಿಸಬೇಕೆಂದು ವಿನಂತಿಸುತ್ತೇನೆ. ಪಾಠದಲ್ಲಿ ‘ಗೌರವನು’ ಎಂಬುದು ‘ಗೊರವನು’ ಎಂದಾಗಬೇಕು. ‘ಮೂಲ ಧಾಟಿ’ ಎಂಬ ಮಾತನ್ನು ಕೈಬಿಟ್ಟು, ‘ವಚನ: ಅಕ್ಕಮಹಾದೇವಿ; ಮಟ್ಟು: ಮಲ್ಲಿಕಾರ್ಜುನ ಮನ್ಸೂರ; ರಾಗ: ಹಿಂದೂಸ್ತಾನಿ ಭೈರವಿ’ ಎಂಬ ಒಂದು ಸಾಲು ಸೇರಬೇಕು. ಮುಂದೆ ನಿಮ್ಮಲ್ಲಿ ವಚನ ಗಾಯನದ ವರದಿ ಬಂದಾಗಲೂ ಇಷ್ಟು ವಿವರವನ್ನು ವರದಿಗಾರರು ಹಾಡಿದವರಿಂದಲೇ ಕೇಳಿ ಬರೆದುಕೊಂಡರೆ ಸಾಕು. ಪ್ರಶಸ್ತಿ ಪತ್ರವನ್ನು ತಿದ್ದಿ ಕೊಡಲು ಆಯೋಜಕರು ಒಪ್ಪಿದ್ದಾರೆ. ಆದರೆ ಪತ್ರಿಕೆಯಲ್ಲಿ ಬಂದದ್ದೇ ಸರಿ ಇರಬಹುದಲ್ಲವೇ ಎಂಬ ಅನುಮಾನ ಅವರಿಗಿನ್ನೂ ಉಳಿದಿದೆ. ತಿದ್ದುಪಡಿ ಅಚ್ಚಾದ ದಿನ ಅದನ್ನು ಕತ್ತರಿಸಿ ಅವರಿಗೂ, ಬಾಲಕಿಯ ಶಾಲೆಯ ಸೂಚನಾ ಫಲಕಕ್ಕೂ ತಲುಪಿಸುವ ಕೆಲಸವನ್ನು ನಾನು ವಹಿಸಿಕೊಂಡಿದ್ದೇನೆ.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ಕನ್ನಡ ಅಧ್ಯಾಪಕ,
ತುಮಕೂರು